ಎಂಟರ್ ಒತ್ತುವ ಮೊದಲು ಉತ್ತರ ಬರೆದಿಡಿ

ಹೊಸಬರಿಗಾಗಿ ಬರೆದ ಡೇಟಾಬೇಸ್ ಪುಸ್ತಕಗಳಿಗೆ ಒಂದು ಕೆಟ್ಟ ಗುಣವಿದೆ: ಅವು ಓದುಗನನ್ನು ಎಲ್ಲಿಯೂ ಎಡವಲು ಬಿಡುವುದಿಲ್ಲ. ಕ್ವೆರಿ, ಎಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆ, ಪುಟದ ಮೇಲೆಯೇ ಇದೆ, ಅದರ ಕೆಳಗೆ ಉತ್ತರವೂ ಅಚ್ಚಾಗಿದೆ. ಟೈಪ್ ಮಾಡಿದರೆ ಪರದೆಯ ಮೇಲೆ ಅದೇ ಉತ್ತರ ಮೂಡುತ್ತದೆ, ತಲೆದೂಗಿ ಪುಟ ತಿರುಗಿಸುತ್ತೇವೆ. ಪುಸ್ತಕ ಮುಚ್ಚಿ ಖಾಲಿ ಪರದೆಯ ಮುಂದೆ ಕುಳಿತಾಗ ಮೊದಲ ಸಾಲೇ ಹೊಳೆಯುವುದಿಲ್ಲ.

ನನ್ನ ಕಸುಬು ಕರಡು ತಿದ್ದುವುದು. ಅಚ್ಚಾದದ್ದನ್ನೆಲ್ಲ ಅನುಮಾನದಿಂದ ನೋಡುವುದು ಅಭ್ಯಾಸವಾಗಿಬಿಟ್ಟಿದೆ. ಕಂಪ್ಯೂಟರ್ ವಿಜ್ಞಾನ ಓದದೆ, ಬರೀ ಒಂದು ಪುಸ್ತಕ ಮುಂದಿಟ್ಟುಕೊಂಡು ಡೇಟಾಬೇಸ್‌ಗಳ ಭಾಷೆಯಾದ ಎಸ್‌ಕ್ಯೂಎಲ್ ಕಲಿತಾಗ ನನ್ನ ಕೈ ಹಿಡಿದದ್ದು ಆ ಅನುಮಾನವೇ. ಹಾಗಾಗಿ ನಾನು ಹೇಳುವ ವಿಧಾನ ಒಂದೇ. ಪುಸ್ತಕದ ಉತ್ತರದ ಮೇಲೆ ಒಂದು ಕಾಗದ ಮುಚ್ಚಿ. ಕ್ವೆರಿ ಓದಿ. ಎಷ್ಟು ಸಾಲು ಬರುತ್ತದೆ, ಯಾವ ಸಾಲು ಬರುತ್ತದೆ ಎಂದು ಪೆನ್ಸಿಲ್‌ನಲ್ಲಿ ಬರೆಯಿರಿ. ಆಮೇಲೆ ಎಂಟರ್ ಒತ್ತಿ. ಊಹೆ ಸರಿಹೋದರೆ ಮುಂದಕ್ಕೆ ಹೋಗಿ. ತಪ್ಪಿದರೆ ಅಲ್ಲೇ ನಿಲ್ಲಿ, ಏಕೆಂದರೆ ಅಂದಿನ ಪಾಠ ಇರುವುದು ಅಲ್ಲಿ.

ಪುಸ್ತಕದ ಆಯ್ಕೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಹಳೆಯ ಪುಸ್ತಕವಾದರೂ ನಡೆಯುತ್ತದೆ. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ ದತ್ತಾಂಶವನ್ನು ಕೋಷ್ಟಕಗಳಾಗಿ ನೋಡುವ ವಿಚಾರವನ್ನು ಪ್ರಕಟಿಸಿದ್ದು 1970ರಲ್ಲಿ. ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಅದಕ್ಕೊಂದು ಭಾಷೆಯನ್ನು, ಇಂದಿನ ಎಸ್‌ಕ್ಯೂಎಲ್‌ನ ಮೂಲವನ್ನು, 1974ರಲ್ಲಿ ಮುಂದಿಟ್ಟರು. 1986ರಲ್ಲಿ ಅಮೆರಿಕದಲ್ಲಿ ಅದು ಮಾನಕವಾಯಿತು. ಆ ತಿರುಳು ಇಂದಿಗೂ ಹಾಗೆಯೇ ಇದೆ. ಬೇಗ ಹಳಸುವುದು ತಂತ್ರಾಂಶ ಅಳವಡಿಸುವ ಅಧ್ಯಾಯ ಮಾತ್ರ, ಅದನ್ನು ಹಾರಿಸಿಬಿಡಿ. ಕೊಳ್ಳುವ ಮೊದಲು ಪರಿವಿಡಿಯಲ್ಲಿ ನಾನು ನೋಡುವುದು ಒಂದೇ ಸಂಗತಿ: ಎರಡು ಕೋಷ್ಟಕಗಳನ್ನು ಜೋಡಿಸುವ ಜಾಯಿನ್ ಎಷ್ಟನೆಯ ಪುಟದಲ್ಲಿ ಬರುತ್ತದೆ? ಪುಸ್ತಕದ ಅರ್ಧ ದಾಟಿದ ಮೇಲೆ ಬಂದರೆ ಆ ಲೇಖಕರಿಗೆ ಓದುಗನ ಬುದ್ಧಿಯ ಮೇಲೆ ನಂಬಿಕೆಯಿಲ್ಲ ಎಂದರ್ಥ. ಬೇರೆಯದನ್ನು ನೋಡಿ.

ಅಭ್ಯಾಸಕ್ಕೆ ಎಸ್‌ಕ್ಯೂಲೈಟ್ ಸಾಕು. ರಿಚರ್ಡ್ ಹಿಪ್ 2000ದಲ್ಲಿ ಹೊರತಂದ ಈ ತಂತ್ರಾಂಶ ಯಾರ ಹಕ್ಕುಸ್ವಾಮ್ಯಕ್ಕೂ ಒಳಪಟ್ಟಿಲ್ಲ. ಸರ್ವರ್ ಬೇಡ, ಪಾಸ್‌ವರ್ಡ್ ಬೇಡ, ಇಡೀ ಡೇಟಾಬೇಸ್ ಒಂದೇ ಫೈಲ್. ಕೆಟ್ಟುಹೋಯಿತೇ? ಫೈಲ್ ಅಳಿಸಿ ಮತ್ತೆ ಶುರು ಮಾಡಿ. ಪುಸ್ತಕ ಮೈಎಸ್‌ಕ್ಯೂಎಲ್ ಅಥವಾ ಪೋಸ್ಟ್‌ಗ್ರೆಸ್ ಎಂಬ ಬೇರೆ ಡೇಟಾಬೇಸ್ ತಂತ್ರಾಂಶದ ಕುರಿತದ್ದಾದರೂ ಮೊದಲ ಅಧ್ಯಾಯಗಳ ಮಟ್ಟಿಗೆ ವ್ಯತ್ಯಾಸ ಅಲ್ಪ. ಆದರೆ ಎಸ್‌ಕ್ಯೂಲೈಟ್ ತೀರ ಉದಾರಿ ಎಂಬುದು ನೆನಪಿರಲಿ. ಅಂಕಿಯ ಕಾಲಂಗೆ ಅಕ್ಷರ ತುಂಬಿದರೂ ಸುಮ್ಮನೆ ನುಂಗಿಕೊಳ್ಳುತ್ತದೆ. 2021ರಿಂದ ಈಚಿನ ಆವೃತ್ತಿಗಳಲ್ಲಿ ಕೋಷ್ಟಕ ರಚಿಸುವ ಆದೇಶದ ಕೊನೆಗೆ ಸ್ಟ್ರಿಕ್ಟ್ ಎಂಬ ಪದ ಸೇರಿಸಿದರೆ ಆ ಔದಾರ್ಯ ನಿಲ್ಲುತ್ತದೆ. ಸೇರಿಸಿಕೊಳ್ಳಿ. ಹಾಗೆಯೇ ಫಾರಿನ್ ಕೀ ಪರಿಶೀಲನೆಯೂ, ಎಂದರೆ ಒಂದು ಕೋಷ್ಟಕ ಹೆಸರಿಸುವ ಕ್ರಮಸಂಖ್ಯೆ ಇನ್ನೊಂದರಲ್ಲಿ ನಿಜಕ್ಕೂ ಇದೆಯೇ ಎಂದು ನೋಡುವುದೂ, ಸಾಮಾನ್ಯವಾಗಿ ಆರಿಯೇ ಇರುತ್ತದೆ. ಪ್ರತಿ ಬಾರಿ ಡೇಟಾಬೇಸ್ ತೆರೆದಾಗಲೂ ಪ್ರಾಗ್ಮಾ ಆದೇಶದಿಂದ ಅದನ್ನು ನಾವೇ ಹಚ್ಚಬೇಕು.

ಪುಸ್ತಕದ ಕ್ವೆರಿಗಳನ್ನು ಕೈಯಾರೆ ಟೈಪ್ ಮಾಡಿ, ನಕಲು ಮಾಡಿ ಅಂಟಿಸಬೇಡಿ. ಸೋಮಾರಿತನದ ವಿರುದ್ಧದ ಉಪದೇಶವಲ್ಲ ಇದು. ವಿದ್ಯುನ್ಮಾನ ಪುಸ್ತಕಗಳಲ್ಲಿ ಉದ್ಧರಣ ಚಿಹ್ನೆಗಳು ಅಚ್ಚಿನ ಅಂದಕ್ಕಾಗಿ ಬಾಗಿಕೊಂಡಿರುವುದುಂಟು. ಎಸ್‌ಕ್ಯೂಎಲ್‌ಗೆ ಬೇಕಾದದ್ದು ನೇರವಾದ ಒಂಟಿ ಚಿಹ್ನೆ. ಬಾಗಿದ್ದನ್ನು ಅಂಟಿಸಿದರೆ ದೋಷ ಬರುತ್ತದೆ, ಮತ್ತು ಆ ದೋಷ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಕಸುಬಿನವರ ಕಣ್ಣಿಗೇ ಬೀಳದು ಎಂದ ಮೇಲೆ! ಇನ್ನೊಂದು: ಎಂಟರ್ ಒತ್ತಿದರೂ ಏನೂ ಆಗದೆ ಮೂರು ಚುಕ್ಕೆಗಳು ಕಾಣಿಸಿಕೊಂಡರೆ ಯಂತ್ರ ಕೆಟ್ಟಿಲ್ಲ. ನೀವು ಅರ್ಧವಿರಾಮ ಚಿಹ್ನೆ ಹಾಕುವುದನ್ನು ಅದು ಕಾಯುತ್ತಿದೆ.

ಎರಡು ಫೈಲ್ ಇಟ್ಟುಕೊಳ್ಳಿ. ಒಂದರಲ್ಲಿ ಪುಸ್ತಕದ ಡೇಟಾ, ಇನ್ನೊಂದರಲ್ಲಿ ನಿಮ್ಮದು. ಪುಸ್ತಕದ ನೌಕರರು, ಇಲಾಖೆಗಳು, ಸಂಬಳಗಳು ಯಾರಿಗೂ ಸಂಬಂಧಿಸಿದವಲ್ಲ. ಅಲ್ಲಿ ತಪ್ಪು ಉತ್ತರ ಬಂದರೂ ತಪ್ಪೆಂದು ಅನ್ನಿಸುವುದಿಲ್ಲ. ನಿಮಗೆ ಖಚಿತವಾಗಿ ಗೊತ್ತಿರುವ ವಿಷಯವಾದರೆ ಸುಳ್ಳು ತಕ್ಷಣ ಚುಚ್ಚುತ್ತದೆ. ನಾನು ಹಕ್ಕಿ ನೋಡುವವನು, ಆದ್ದರಿಂದ ನನ್ನ ಫೈಲಿನಲ್ಲಿ ಇರುವುದು ಹಕ್ಕಿಗಳೇ. ಪುಸ್ತಕದ ಪ್ರತಿ ಅಧ್ಯಾಯ ಮುಗಿದಾಗ ಅದೇ ಬಗೆಯ ಪ್ರಶ್ನೆಯನ್ನು ಹಕ್ಕಿಗಳಿಗೆ ಕೇಳುತ್ತಿದ್ದೆ.

ಆ ಕೋಷ್ಟಕಗಳನ್ನೇ ಇಲ್ಲಿ ಬಿಡಿಸಿಡುತ್ತೇನೆ, ನೀವೂ ಮಾಡಿ ನೋಡಬಹುದು. 'ಹಕ್ಕಿ' ಕೋಷ್ಟಕದಲ್ಲಿ ನಾಲ್ಕು ಸಾಲು: ಗುಬ್ಬಿ, ಮಿಂಚುಳ್ಳಿ, ಮರಕುಟಿಗ, ಗೂಬೆ. ಪ್ರತಿಯೊಂದಕ್ಕೂ ಒಂದು ಕ್ರಮಸಂಖ್ಯೆ. 'ನೋಟ' ಕೋಷ್ಟಕದಲ್ಲಿ ಐದು ಸಾಲು. ಪ್ರತಿ ಸಾಲಿನಲ್ಲೂ ಅದರದೇ ಕ್ರಮಸಂಖ್ಯೆ, ಹಕ್ಕಿಯ ಕ್ರಮಸಂಖ್ಯೆ, ದಿನಾಂಕ, ಕಂಡ ಸಂಖ್ಯೆ. ಗುಬ್ಬಿಗೆ ಮೂರು ನೋಟ: 6, ನಲ್, 4. ಮಿಂಚುಳ್ಳಿಗೆ ಎರಡು: 2, 0. ಸೊನ್ನೆ ಎಂದರೆ ಹುಡುಕಿಕೊಂಡು ಹೋದೆ, ಒಂದೂ ಇರಲಿಲ್ಲ. ನಲ್ ಎಂದರೆ ಬೆಲೆಯೇ ಇಲ್ಲದ ಖಾಲಿ ಜಾಗ: ಗುಬ್ಬಿಗಳಿದ್ದವು, ಎಣಿಸಲಿಲ್ಲ. ದಿನಾಂಕವನ್ನು ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ, 2024-03-05 ಎಂಬ ರೂಪದಲ್ಲೇ ಬರೆಯಿರಿ. ಆಗ ಅಕ್ಷರಕ್ರಮವೂ ಕಾಲಕ್ರಮವೂ ಒಂದೇ ಆಗುತ್ತವೆ.

ಈಗ ಪೆನ್ಸಿಲ್ ತೆಗೆದುಕೊಳ್ಳಿ. ಸಂಖ್ಯೆ 6ಕ್ಕೆ ಸಮವಲ್ಲದ ನೋಟಗಳು ಎಷ್ಟು? ಐದರಲ್ಲಿ ಒಂದು ಹೋದರೆ ನಾಲ್ಕು ಎಂದು ಬರೆಯುತ್ತೀರಿ. ಪರದೆಯ ಮೇಲೆ ಬರುವುದು ಮೂರು. ಎಣಿಸದ ಗುಬ್ಬಿಗಳು ಆರಿದ್ದವೋ ಇರಲಿಲ್ಲವೋ ಡೇಟಾಬೇಸ್‌ಗೆ ಗೊತ್ತಿಲ್ಲ. ಅದರ ತರ್ಕದಲ್ಲಿ ಸರಿ, ತಪ್ಪು ಎಂಬ ಎರಡಲ್ಲ, 'ತಿಳಿಯದು' ಎಂಬ ಮೂರನೆಯ ಬೆಲೆಯೂ ಇದೆ. ಸಾಲುಗಳನ್ನು ಸೋಸುವ ವೇರ್ ಷರತ್ತು ಒಳಗೆ ಬಿಡುವುದು ಸರಿ ಎಂದು ಖಾತರಿಯಾದ ಸಾಲುಗಳನ್ನು ಮಾತ್ರ. ಸಂಖ್ಯೆ ನಲ್‌ಗೆ ಸಮ ಎಂದು ಕೇಳಿದರೂ ಒಂದು ಸಾಲೂ ಬರುವುದಿಲ್ಲ. 'ಈಸ್ ನಲ್' ಎಂದೇ ಕೇಳಬೇಕು. ಸರಾಸರಿ ತೆಗೆಯಿರಿ: 3 ಬರುತ್ತದೆ, 2.4 ಅಲ್ಲ, ಏಕೆಂದರೆ ಹನ್ನೆರಡನ್ನು ನಾಲ್ಕರಿಂದ ಭಾಗಿಸಲಾಗಿದೆ, ಐದರಿಂದ ಅಲ್ಲ. ಹೆಚ್ಚಿನ ಪುಸ್ತಕಗಳು ಇದಕ್ಕೆ ಒಂದು ಪುಟ ಕೊಟ್ಟು ಮುಂದೆ ಹೋಗುತ್ತವೆ. ನೀವು ಒಂದು ಸಂಜೆ ಕೊಡಿ.

ಮುಂದಿನದು ಜಾಯಿನ್. ಇಲ್ಲಿ ಅವಸರ ಬೇಡ. ಮೊದಲು ಷರತ್ತೇ ಇಲ್ಲದೆ ಎರಡು ಕೋಷ್ಟಕಗಳನ್ನು ಜೋಡಿಸಿ. ಎಷ್ಟು ಸಾಲು? ಇಪ್ಪತ್ತು. ಪ್ರತಿ ಹಕ್ಕಿಯೂ ಪ್ರತಿ ನೋಟದ ಪಕ್ಕ ನಿಂತಿದೆ, ಗೂಬೆಯ ಎದುರು ಮಿಂಚುಳ್ಳಿಯ ನೋಟವೂ ಇದೆ. ಆ ಇಪ್ಪತ್ತನ್ನೂ ಅಚ್ಚುಹಾಕಿಕೊಂಡು, ಕ್ರಮಸಂಖ್ಯೆ ಹೊಂದದ ಸಾಲುಗಳನ್ನು ಪೆನ್ಸಿಲ್‌ನಲ್ಲಿ ಹೊಡೆದುಹಾಕಿ. ಐದು ಉಳಿಯುತ್ತವೆ. ಜಾಯಿನ್ ಜೊತೆಗೆ ಬರೆಯುವ ಆನ್ ಷರತ್ತು ಮಾಡುವುದು ಇಷ್ಟೇ. ಇದನ್ನು ಒಮ್ಮೆ ಕೈಯಲ್ಲಿ ಮಾಡಿದವರಿಗೆ ಪುಸ್ತಕದ ಆ ಒಂದರೊಳಗೊಂದು ಹೆಣೆದ ವೃತ್ತಗಳ ಚಿತ್ರ ಬೇಕಾಗುವುದಿಲ್ಲ.

ಆಮೇಲೆ ಹಕ್ಕಿಯಿಂದ ನೋಟಕ್ಕೆ ಲೆಫ್ಟ್ ಜಾಯಿನ್, ಎಂದರೆ ಎಡಗಡೆಯ ಕೋಷ್ಟಕದ ಯಾವ ಸಾಲನ್ನೂ ಕೈಬಿಡದ ಜಾಯಿನ್. ಊಹೆ? ಏಳು. ಐದು ಹೊಂದಿದವು, ಜೊತೆಗೆ ನೋಟವೇ ಇಲ್ಲದ ಮರಕುಟಿಗ ಮತ್ತು ಗೂಬೆಗೆ ಒಂದೊಂದು ಸಾಲು, ಬಲಗಡೆಯೆಲ್ಲ ನಲ್. ಈಗ ಹಕ್ಕಿವಾರು ಗುಂಪು ಮಾಡಿ, ಕೌಂಟ್ ಆವರಣದೊಳಗೆ ನಕ್ಷತ್ರ ಚಿಹ್ನೆ ಹಾಕಿ ಎಣಿಸಿ. ಗುಬ್ಬಿ 3, ಮಿಂಚುಳ್ಳಿ 2, ಮರಕುಟಿಗ 1, ಗೂಬೆ 1. ಕಂಡೇ ಇರದ ಗೂಬೆಗೆ ಒಂದು ನೋಟ ಎಲ್ಲಿಂದ ಬಂತು? ನಕ್ಷತ್ರ ಎಣಿಸುವುದು ಸಾಲುಗಳನ್ನು, ಮತ್ತು ಗೂಬೆಗೂ ಒಂದು ಸಾಲು ಇದೆ. ನಕ್ಷತ್ರದ ಬದಲು ನೋಟದ ಕ್ರಮಸಂಖ್ಯೆ ಕಾಲಂ ಹಾಕಿದರೆ ನಲ್ ಲೆಕ್ಕಕ್ಕೆ ಬಾರದೆ ಇಬ್ಬರಿಗೂ ಸೊನ್ನೆ ಸಿಗುತ್ತದೆ. ನೌಕರರ ಕೋಷ್ಟಕದಲ್ಲಿ ಈ ಒಂದು ನನ್ನ ಕಣ್ಣಿಗೆ ಬೀಳುತ್ತಿತ್ತೇ? ಸಂಶಯ. ಗೂಬೆ ಕಾಣದವನಿಗೆ ಗೂಬೆ ಕಂಡಿದೆ ಎಂದರೆ ಮಾತ್ರ ಸಿಟ್ಟು ಬರುತ್ತದೆ.

ಇದೇ ಜಾಗದಲ್ಲಿ ಇನ್ನೊಂದು ಗುಂಡಿ. ಈ ವರ್ಷದ ನೋಟಗಳು ಮಾತ್ರ ಸಾಕೆಂದು ವೇರ್‌ನಲ್ಲಿ ದಿನಾಂಕದ ಷರತ್ತು ಹಾಕಿದ ಕೂಡಲೇ ಮರಕುಟಿಗವೂ ಗೂಬೆಯೂ ಮಾಯ. ಅವುಗಳ ದಿನಾಂಕ ನಲ್, ನಲ್ ವೇರ್ ದಾಟುವುದಿಲ್ಲ. ಷರತ್ತನ್ನು ಆನ್ ಜೊತೆಗೆ ಸೇರಿಸಿದರೆ ಮರಳಿ ಬರುತ್ತವೆ.

ಇದೆಲ್ಲ ಅರ್ಥವಾಗಬೇಕಾದರೆ ಕ್ವೆರಿಯನ್ನು ಬರೆದ ಕ್ರಮದಲ್ಲಿ ಓದಬಾರದು. ಕೋಷ್ಟಕ ಹೆಸರಿಸುವ ಫ್ರಮ್ ಮತ್ತು ಜಾಯಿನ್ ಮೊದಲು, ಆಮೇಲೆ ವೇರ್, ಗುಂಪು ಮಾಡುವ ಗ್ರೂಪ್ ಬೈ, ಗುಂಪುಗಳನ್ನು ಸೋಸುವ ಹ್ಯಾವಿಂಗ್. ಅಷ್ಟಾದ ಮೇಲೆ ಕಾಲಂಗಳನ್ನು ಆರಿಸುವ ಸೆಲೆಕ್ಟ್, ಕೊನೆಗೆ ಸಾಲುಗಳನ್ನು ಕ್ರಮಕ್ಕೆ ತರುವ ಆರ್ಡರ್ ಬೈ. ಸೆಲೆಕ್ಟ್‌ನಲ್ಲಿ ಕೊಟ್ಟ ಅಡ್ಡಹೆಸರನ್ನು ವೇರ್‌ನಲ್ಲಿ ಬಳಸಿದರೆ ಪೋಸ್ಟ್‌ಗ್ರೆಸ್ ಗದರುವುದು ಇದೇ ಕಾರಣಕ್ಕೆ. ಎಸ್‌ಕ್ಯೂಲೈಟ್ ಒಪ್ಪಿಬಿಡುತ್ತದೆ. ಒಪ್ಪಿತೆಂದು ರೂಢಿ ಮಾಡಿಕೊಳ್ಳಬೇಡಿ.

ವ್ಯೂ, ಟ್ರಿಗರ್, ಅಕ್ಷರ ಕತ್ತರಿಸುವ ಫಂಕ್ಷನ್‌ಗಳ ಪಟ್ಟಿ ಇವನ್ನೆಲ್ಲ ಕಣ್ಣಾಡಿಸಿ ಬಿಡಿ, ಬೇಕಾದಾಗ ತೆರೆದು ನೋಡಿದರಾಯಿತು. ಒಂದೇ ಮಾಹಿತಿ ಹಲವು ಕಡೆ ಬಾರದಂತೆ ಕೋಷ್ಟಕಗಳನ್ನು ಒಡೆಯುವ ನಾರ್ಮಲೈಸೇಷನ್ ಅಧ್ಯಾಯವನ್ನು ಮುಂದೂಡಿ. ಮೊದಲ, ಎರಡನೆಯ, ಮೂರನೆಯ ರೂಪ ಎಂದು ಅದು ಮಂತ್ರದಂತೆ ಹೇಳುವುದು ಅನುಭವವಿಲ್ಲದೆ ತಲೆಗೆ ಹೋಗುವುದಿಲ್ಲ. ಅದರ ಬದಲು ಬೇಕೆಂದೇ ಒಂದು ಕೋಷ್ಟಕದಲ್ಲಿ ಹಕ್ಕಿಯ ಹೆಸರನ್ನು ಪ್ರತಿ ಸಾಲಿನಲ್ಲೂ ಟೈಪ್ ಮಾಡುತ್ತ ಹೋಗಿ. ಒಂದು ಕಡೆ ಗುಬ್ಬಿ, ಇನ್ನೊಂದು ಕಡೆ ಗುಬ್ಬಚ್ಚಿ ಎಂದು ಸೇರಿಕೊಂಡು ಎಣಿಕೆ ಎರಡಾಗಿ ಒಡೆದ ದಿನ ಆ ಅಧ್ಯಾಯ ತೆರೆಯಿರಿ, ಸಲೀಸಾಗಿ ಓದಿಸಿಕೊಳ್ಳುತ್ತದೆ.

ಅಳಿಸುವ, ಬದಲಿಸುವ ಆದೇಶಗಳ ವಿಷಯದಲ್ಲಿ ನನ್ನದು ಹಟ. ಡಿಲೀಟ್ ಬರೆಯುವ ಮೊದಲು ಅದೇ ವೇರ್ ಇಟ್ಟು ಸೆಲೆಕ್ಟ್ ಮಾಡಿ ನೋಡಿ: ಹೋಗಬೇಕಾದ ಸಾಲುಗಳೇ ಹೋಗುತ್ತಿವೆಯೇ? ವೇರ್ ಮರೆತ ಡಿಲೀಟ್ ಇಡೀ ಕೋಷ್ಟಕವನ್ನು ಖಾಲಿ ಮಾಡುತ್ತದೆ, ಒಂದು ಮಾತೂ ಕೇಳದೆ. ಜೊತೆಗೆ ಬಿಗಿನ್ ಎಂದು ಶುರು ಮಾಡುವುದನ್ನು ರೂಢಿಸಿಕೊಳ್ಳಿ. ಎಡವಟ್ಟಾದರೆ ರೋಲ್‌ಬ್ಯಾಕ್ ಎಂದು ಮೊದಲಿನ ಸ್ಥಿತಿಗೆ ಮರಳಿ, ಸರಿಯಿದ್ದರೆ ಕಮಿಟ್ ಎಂದು ಕಾಯಂ ಮಾಡಿ. ತಮಾಷೆಗಾಗಿ ಒಮ್ಮೆ ಬಿಗಿನ್ ಹೇಳಿ ಎಲ್ಲವನ್ನೂ ಅಳಿಸಿ, ಖಾಲಿ ಕೋಷ್ಟಕ ನೋಡಿ, ರೋಲ್‌ಬ್ಯಾಕ್ ಮಾಡಿ. ಹಕ್ಕಿಗಳು ಹಿಂತಿರುಗುತ್ತವೆ.

ಇಷ್ಟಾದ ಮೇಲೆ ಪ್ರೋಗ್ರಾಂ ಬರೆಯುವುದು ಕಷ್ಟವಲ್ಲ. ಪೈಥಾನ್ ಎಂಬ ಪ್ರೋಗ್ರಾಂ ಭಾಷೆಯ ಜೊತೆಗೇ ಎಸ್‌ಕ್ಯೂಲೈಟ್‌ನ ಮಾಡ್ಯೂಲ್ ಬರುತ್ತದೆ, ಬೇರೇನೂ ಅಳವಡಿಸಬೇಕಿಲ್ಲ. ಹಳೆಯ ಪುಸ್ತಕವಾದರೆ ಇಲ್ಲಿ ಮಾತ್ರ ಎಚ್ಚರ: ಬಳಕೆದಾರ ಟೈಪ್ ಮಾಡಿದ್ದನ್ನು ಕೂಡುವ ಚಿಹ್ನೆಯಿಂದ ಕ್ವೆರಿಯೊಳಗೆ ಅಂಟಿಸುವುದನ್ನು ಕಲಿಸುವ ಪುಸ್ತಕಗಳಿವೆ. ನೋಟ ಕೋಷ್ಟಕಕ್ಕೆ ಟಿಪ್ಪಣಿ ಎಂಬ ಕಾಲಂ ಸೇರಿಸಿ, ಅದರಲ್ಲಿ ಒಂಟಿ ಉದ್ಧರಣ ಚಿಹ್ನೆ ಹಾಕಿ ಗೂಬೆ 'ಹೂಟ್' ಎಂದಿತು ಎಂದು ಬರೆದು ನೋಡಿ, ಕ್ವೆರಿ ನಡುವೆಯೇ ಮುರಿಯುತ್ತದೆ. ಗೂಬೆಯ ಕೂಗಿನಿಂದ ಮುರಿಯುವ ಕ್ವೆರಿಯನ್ನು ಕಿಡಿಗೇಡಿಯೊಬ್ಬ ತನಗೆ ಬೇಕಾದಂತೆ ತಿರುಗಿಸಲೂಬಹುದು. ಎಸ್‌ಕ್ಯೂಎಲ್ ಇಂಜೆಕ್ಷನ್ ಎಂದರೆ ಇದೇ. ಬೆಲೆ ಬರಬೇಕಾದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟು ಬೆಲೆಯನ್ನು ಪ್ರತ್ಯೇಕವಾಗಿ ಕೊಡಿ. ಇದಕ್ಕೆ ವಿನಾಯಿತಿ ಇಲ್ಲ. ಮತ್ತೊಂದು ಸಂಗತಿ, ಪೈಥಾನ್‌ನಿಂದ ಸೇರಿಸಿದ ಸಾಲುಗಳು ಪ್ರೋಗ್ರಾಂ ಮುಗಿದ ಮೇಲೆ ಕಾಣದಿದ್ದರೆ ಕಮಿಟ್ ಕರೆದಿದ್ದೀರಾ ಎಂದು ಮೊದಲು ನೋಡಿ.

ಹುಡುಕಾಟವನ್ನು ಚುರುಕುಗೊಳಿಸುವ ಇಂಡೆಕ್ಸ್ ಕುರಿತ ಅಧ್ಯಾಯವನ್ನು ಐದು ಸಾಲಿನ ಕೋಷ್ಟಕದ ಮೇಲೆ ಪ್ರಯೋಗಿಸಿದರೆ ಏನೂ ತಿಳಿಯದು. ಪೈಥಾನ್‌ನ ಒಂದು ಲೂಪ್‌ನಿಂದ ಕೆಲವು ಲಕ್ಷ ಸುಳ್ಳು ನೋಟಗಳನ್ನು ತುಂಬಿ. ಕ್ವೆರಿಯ ಮುಂದೆ ಎಕ್ಸ್‌ಪ್ಲೇನ್ ಕ್ವೆರಿ ಪ್ಲಾನ್ ಎಂದು ಸೇರಿಸಿ ಕೇಳಿ. ಇಂಡೆಕ್ಸ್ ಇಲ್ಲದಾಗ ಉತ್ತರದಲ್ಲಿ ಸ್ಕ್ಯಾನ್ ಎಂಬ ಪದ ಇರುತ್ತದೆ, ಎಂದರೆ ಎಲ್ಲ ಸಾಲನ್ನೂ ಓದಬೇಕಾಗುತ್ತದೆ. ಹುಡುಕುವ ಕಾಲಂಗೆ ಇಂಡೆಕ್ಸ್ ಕಟ್ಟಿ ಮತ್ತೆ ಕೇಳಿದರೆ ಅದು ಸರ್ಚ್ ಆಗುತ್ತದೆ.

ಪುಸ್ತಕದ ಕೊನೆಯ ಅಧ್ಯಾಯಗಳನ್ನು ಮುಗಿಸಲೇಬೇಕೆಂಬ ಹರಕೆ ಬೇಡ. ಅದನ್ನು ಕಪಾಟಿಗೆ ಹಿಂತಿರುಗಿಸಬಹುದೇ ಎಂದು ತಿಳಿಯಲು ನಾನು ಕೊಡುವ ಪರೀಕ್ಷೆ ಇದು. ಸುಳ್ಳು ನೋಟಗಳನ್ನೆಲ್ಲ ಅಳಿಸಿ, ಮೊದಲಿನ ಐದಕ್ಕೆ ಇಳಿಯಿರಿ. ಆರನೆಯದಾಗಿ, ಗುರುತು ಸಿಗದ ಒಂದು ಹಕ್ಕಿಯ ನೋಟ ಸೇರಿಸಿ. ಅದರ ಹಕ್ಕಿ ಕ್ರಮಸಂಖ್ಯೆ ನಲ್. ಈಗ ಈವರೆಗೆ ಕಾಣದ ಹಕ್ಕಿಗಳ ಪಟ್ಟಿ ಕೇಳಿ, ನೋಟಗಳ ಹಕ್ಕಿ ಕ್ರಮಸಂಖ್ಯೆಗಳಲ್ಲಿ ಇಲ್ಲದವು ಎನ್ನಲು ನಾಟ್ ಇನ್ ಬಳಸಿ. ಎರಡು ಹೆಸರು ಬರಬೇಕು. ಒಂದೂ ಬರುವುದಿಲ್ಲ. ಏಕೆಂದು ಮೇಲಿನ ಮೂರು ಬೆಲೆಗಳ ತರ್ಕದಿಂದ ಕಾಗದದ ಮೇಲೆ ಬಿಡಿಸಿ, ಆಮೇಲೆ ಅದೇ ಪ್ರಶ್ನೆಯನ್ನು, ಹೊಂದುವ ನೋಟವೇ ಇಲ್ಲವೇ ಎಂದು ನೋಡುವ ನಾಟ್ ಎಕ್ಸಿಸ್ಟ್ಸ್ ಬಳಸಿ ಬರೆದು, ಮರಕುಟಿಗ ಮತ್ತು ಗೂಬೆ ಎರಡೂ ಸಿಕ್ಕವೇ ನೋಡಿ.