ಫ್ಲಾಟ್‌ಪ್ಯಾಕ್ ಆ್ಯಪ್ ಮಾತ್ರ ಬೆಳ್ಳಗೆ ಉಳಿದರೆ

ಮಾಟುಂಗಾದಲ್ಲಿ ನಮ್ಮ ಭಾವನ ಹೋಟೆಲ್ ಇದೆ. ರಾತ್ರಿ ಶಟರ್ ಅರ್ಧ ಇಳಿಸಿ, ಗಲ್ಲಾ ಪೆಟ್ಟಿಗೆ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಅವತ್ತಿನ ಲೆಕ್ಕ ಬರೆಯುತ್ತಾರೆ. ಅದಕ್ಕೆ ಲಿನಕ್ಸ್ ಹಾಕಿ, ಆರ್ಕ್ ಡಾರ್ಕ್ ಥೀಮ್ ಕೂರಿಸಿಕೊಟ್ಟವನು ನಾನೇ. ಎಲ್ಲ ಕಪ್ಪಾಯಿತು, ಲೆಕ್ಕದ ಆ್ಯಪ್ ಒಂದು ಮಾತ್ರ ಟ್ಯೂಬ್‌ಲೈಟ್ ಹಾಗೆ ಬೆಳ್ಳಗೆ. "ಇದೆಂಥದು ಮಾರಾಯ, ಕಣ್ಣಿಗೆ ಹೊಡೆಯುತ್ತದೆ" ಅಂತ ಫೋನ್ ಬಂತು.

ಆ ಆ್ಯಪ್ ಫ್ಲಾಟ್‌ಪ್ಯಾಕ್‌ನದು, ಅಂದರೆ ಆ್ಯಪ್ ಅನ್ನು ಸಿಸ್ಟಮ್‌ನಿಂದ ಬೇರೆಯಾಗಿ ಸ್ಯಾಂಡ್‌ಬಾಕ್ಸ್ ಎಂಬ ಡಬ್ಬಿಯಲ್ಲಿಟ್ಟು ಓಡಿಸುವ ವ್ಯವಸ್ಥೆಯದು. ಥೀಮ್ ಇರುವುದು ನಿಮ್ಮ ಸಿಸ್ಟಮ್‌ನ ಯುಎಸ್‌ಆರ್ ಫೋಲ್ಡರ್‌ನಲ್ಲಿ, ಆದರೆ ಸ್ಯಾಂಡ್‌ಬಾಕ್ಸ್ ಒಳಗಿನ ಆ್ಯಪ್‌ಗೆ ಕಾಣುವ ಯುಎಸ್‌ಆರ್ ಬೇರೆಯೇ, ಅದು ರನ್‌ಟೈಮ್‌ನದು (ಆ್ಯಪ್ ಓಡಲು ಬೇಕಾದ ಮೂಲ ಫೈಲ್‌ಗಳ ಕಟ್ಟು). ಥೀಮ್‌ನ ಹೆಸರು ಗೊತ್ತಾಗುತ್ತದೆ, ಫೈಲ್ ಸಿಗುವುದಿಲ್ಲ, ಸುಮ್ನೆ ಅದ್ವೈತ ಎಂಬ ಮೂಲ ಥೀಮ್‌ಗೆ ವಾಪಸ್ ಹೋಗುತ್ತದೆ (ಗ್ನೋಮ್ ಡೆಸ್ಕ್‌ಟಾಪ್‌ನವರು ಇಟ್ಟ ಹೆಸರು ಅದು, ಶಂಕರಾಚಾರ್ಯರಿಗೂ ಈ ಬಿಳಿ ಬಣ್ಣಕ್ಕೂ ಸಂಬಂಧವಿಲ್ಲ). ಫಾಂಟ್, ಐಕಾನ್‌ಗೆ ಈ ತೊಂದರೆ ಕಮ್ಮಿ, ಅವನ್ನು ಫ್ಲಾಟ್‌ಪ್ಯಾಕ್ ತಾನೇ ಒಳಗೆ ತೋರಿಸುತ್ತದೆ.

ಮೊದಲು ಮಾಡಬೇಕಾದ್ದು: ಫ್ಲಾಟ್‌ಪ್ಯಾಕ್ ಆ್ಯಪ್‌ಗಳು ಸಿಗುವ ಫ್ಲಾಟ್‌ಹಬ್‌ನಲ್ಲಿ ನಿಮ್ಮ ಥೀಮ್ ಹುಡುಕಿ. ಜಿಟಿಕೆ 3ರ (ಆ್ಯಪ್‌ನ ಕಿಟಕಿ, ಬಟನ್ ಮೂಡಿಸುವ ಟೂಲ್‌ಕಿಟ್) ಥೀಮ್‌ಗಳು ಅಲ್ಲಿ 'ಆರ್ಗ್ ಡಾಟ್ ಜಿಟಿಕೆ ಡಾಟ್ ಜಿಟಿಕೆ3ಥೀಮ್' ಅಂತ ಶುರುವಾಗಿ, ಕೊನೆಗೆ ಥೀಮ್‌ನ ಹೆಸರು ಇರುವ ಎಕ್ಸ್‌ಟೆನ್ಶನ್‌ಗಳು. ಹೆಸರು ಡೆಸ್ಕ್‌ಟಾಪ್‌ನಲ್ಲಿ ಇರುವ ಹಾಗೇ ಇರಬೇಕು, ಅಕ್ಷರ ದೊಡ್ಡದು ಚಿಕ್ಕದು ಆದರೂ ಕೆಲಸ ಮಾಡುವುದಿಲ್ಲ. ಎಷ್ಟೋ ಸಲ ಇದನ್ನೂ ಹುಡುಕಬೇಕಿಲ್ಲ, ಟರ್ಮಿನಲ್‌ನಲ್ಲಿ 'ಫ್ಲಾಟ್‌ಪ್ಯಾಕ್ ಅಪ್‌ಡೇಟ್' ಓಡಿಸಿದರೆ ಈಗ ಹಾಕಿರುವ ಥೀಮ್ ಯಾವುದು ಅಂತ ನೋಡಿ ತಾನೇ ಇಳಿಸಿಕೊಳ್ಳುತ್ತದೆ. ಆಮೇಲೆ ಆ್ಯಪ್ ಪೂರ್ತಿ ಮುಚ್ಚಿ ತೆಗೆಯಿರಿ.

ಫ್ಲಾಟ್‌ಹಬ್‌ನಲ್ಲಿ ಇಲ್ಲದ ಥೀಮ್ ಆದರೆ, ಫ್ಲಾಟ್‌ಪ್ಯಾಕ್ ಆ್ಯಪ್‌ಗಳ ಅನುಮತಿ ಬದಲಿಸುವ ಫ್ಲಾಟ್‌ಸೀಲ್ ಹಾಕಿಕೊಳ್ಳಿ. ಎಲ್ಲ ಆ್ಯಪ್‌ಗಳಿಗೂ ಅನ್ವಯಿಸುವ ಜಾಗಕ್ಕೆ ಹೋಗಿ, ಫೈಲ್‌ಸಿಸ್ಟಮ್ ಕೆಳಗೆ ಹೋಮ್‌ನಲ್ಲಿರುವ ಡಾಟ್ ಥೀಮ್ಸ್ ಫೋಲ್ಡರ್ ಸೇರಿಸಿ, ಕೊನೆಗೆ ಕೋಲನ್ ಹಾಕಿ ಆರ್‌ಓ ಅಂತ ಬರೆಯಿರಿ. ಆಗ ಆ್ಯಪ್ ಓದಬಹುದು ಅಷ್ಟೇ, ತಿದ್ದುವ ಹಾಗಿಲ್ಲ. ಇಡೀ ಹೋಮ್ ಫೋಲ್ಡರ್ ಬಿಟ್ಟುಕೊಡುವವರೂ ಇದ್ದಾರೆ. ಬಣ್ಣದ ಆಸೆಗೆ ಮನೆ ಬಾಗಿಲೇ ತೆಗೆದಿಡುವುದು ಜಾಸ್ತಿಯಾಯಿತು, ಅಲ್ವಾ?

ನಾನು ಎಡವಿದ್ದೂ ಇಲ್ಲೇ. ಡಾಟ್ ಥೀಮ್ಸ್‌ನಲ್ಲಿ ಥೀಮ್ ಬದಲು ಸಿಸ್ಟಮ್ ಫೋಲ್ಡರ್‌ಗೆ ಒಂದು ಸಿಮ್‌ಲಿಂಕ್ (ಬೇರೆ ಜಾಗ ತೋರಿಸುವ ಶಾರ್ಟ್‌ಕಟ್) ಇಟ್ಟಿದ್ದೆ. ಲಿಂಕ್ ಒಳಗೆ ಕಾಣುತ್ತದೆ, ಅದು ತೋರಿಸುವ ಜಾಗ ಅಲ್ಲಿ ಇಲ್ಲ. ಒಂದು ಗಂಟೆ ಹೋಯಿತು. ಥೀಮ್‌ನ ಫೋಲ್ಡರ್ ಪೂರ್ತಿ ಡಾಟ್ ಥೀಮ್ಸ್‌ಗೆ ಕಾಪಿ ಮಾಡಿ.

ಕ್ಯೂಟಿ ಎಂಬ ಇನ್ನೊಂದು ಟೂಲ್‌ಕಿಟ್‌ನ ಆ್ಯಪ್‌ಗಳಿಗೆ ಕೆಡಿಇ ಡೆಸ್ಕ್‌ಟಾಪ್‌ನ ಸ್ಟೈಲ್ ಎಕ್ಸ್‌ಟೆನ್ಶನ್ ಬೇರೆ ಇವೆ. ಆ್ಯಪ್ ಫ್ಲಾಟ್‌ಪ್ಯಾಕ್ ಅಲ್ಲ, ಅಂಥದ್ದೇ ಇನ್ನೊಂದು ವ್ಯವಸ್ಥೆಯಾದ ಸ್ನ್ಯಾಪ್‌ನದಾದರೆ, ಜಿಟಿಕೆ ಕಾಮನ್ ಥೀಮ್ಸ್ ಎಂಬ ಸ್ನ್ಯಾಪ್‌ನಲ್ಲಿ ಏನಿದೆ ನೋಡಿ.

ಗ್ನೋಮ್‌ನ ಲಿಬ್‌ಅದ್ವೈತ ಲೈಬ್ರರಿ ಬಳಸಿ ಮಾಡಿದ ಆ್ಯಪ್‌ಗಳ ಜೊತೆ ಮಾತ್ರ ಗುದ್ದಾಡಬೇಡಿ. 2022ರ ಗ್ನೋಮ್ 42ರಿಂದ ಅವು ಜಾಸ್ತಿಯಾದವು. ಹೊರಗಿನ ಥೀಮ್ ಅವಕ್ಕೆ ಬೇಡ, ಡಾರ್ಕಾ ಲೈಟಾ ಅಂತ ಪೋರ್ಟಲ್ (ಸಿಸ್ಟಮ್‌ನ ಸೆಟ್ಟಿಂಗ್ ಅನ್ನು ಆ್ಯಪ್‌ಗೆ ತಿಳಿಸುವ ಸೇವೆ) ಹೇಳಿದ್ದನ್ನು ಕೇಳುತ್ತವೆ. ಹಾಗಾಗಿ ಸೆಟ್ಟಿಂಗ್ಸ್‌ನಲ್ಲಿ ಡಾರ್ಕ್ ಸ್ಟೈಲ್ ಆನ್ ಮಾಡಿ ಬಿಟ್ಟುಬಿಡಿ. ಭಾವನ ಲ್ಯಾಪ್‌ಟಾಪ್‌ನ ಕ್ಯಾಲ್ಕುಲೇಟರ್ ಇಂಥದ್ದೇ, ಅದರ ಕಪ್ಪು ಆರ್ಕ್‌ನ ಕಪ್ಪಿಗೆ ಹೊಂದುವುದಿಲ್ಲ. ಅವರು ಗಮನಿಸಿಯೇ ಇಲ್ಲ, ಕೂಡಿಸಿ ಗುಣಿಸುವುದೆಲ್ಲ ಈಗಲೂ ಬಿಲ್ ಬುಕ್ಕಿನ ಹಿಂದೆ.