ಗೆಲ್ಲುವ ಚಾಲಕನಿಗೆ ಜನರ ಪ್ರೀತಿ ಏಕೆ ಸಿಗಲಿಲ್ಲ: ಕಾರಣ ಹುಡುಕುವ ಬಗೆ

ಫಾರ್ಮುಲಾ ಒನ್‌ನಲ್ಲಿ ಒಬ್ಬ ಚಾಲಕ ಸಾಲುಸಾಲಾಗಿ ಗೆದ್ದೂ ಜನರಿಗೆ ಹತ್ತಿರವಾಗದಿದ್ದರೆ, ಅವನಿಗೆ ಅಹಂಕಾರ ಎಂದೋ ಎಲ್ಲವೂ ಕಾರಿನ ಮಹಿಮೆ ಎಂದೋ ಹೇಳಿ ಮಾತು ಮುಗಿಸುವುದು ವಾಡಿಕೆ. ಎರಡೂ ಅವಸರದ ಉತ್ತರಗಳು. ಕಾರಣ ಸಿಗಬೇಕಾದರೆ ಒಬ್ಬನೇ ಚಾಲಕನನ್ನು ಆರಿಸಿಕೊಂಡು, ಜನ ಅವನಿಂದ ದೂರ ಸರಿದ ದಿನಗಳನ್ನು ಹತ್ತಿರದಿಂದ ನೋಡಬೇಕು. 2010ರಿಂದ 2013ರವರೆಗೆ ಸತತ ನಾಲ್ಕು ವಿಶ್ವ ಪ್ರಶಸ್ತಿ ಗೆದ್ದ ಜರ್ಮನಿಯ ಸೆಬಾಸ್ಟಿಯನ್ ವೆಟೆಲ್ ಇದಕ್ಕೆ ತಕ್ಕ ಉದಾಹರಣೆ. 2013ರ 19 ರೇಸ್‌ಗಳಲ್ಲಿ 13ನ್ನು ಗೆದ್ದ ಅವರನ್ನು ಅದೇ ವರ್ಷ ಹಲವೆಡೆ ಪೋಡಿಯಂ (ಗೆದ್ದವರು ನಿಲ್ಲುವ ವೇದಿಕೆ) ಮೇಲೆಯೇ ಪ್ರೇಕ್ಷಕರು ಕೂಗಿ ಹೀಗಳೆದರು.

ಮೊದಲು ಆ ಕೂಗು ಎಲ್ಲಿ ಕೇಳಿಬಂತು ಎಂಬುದನ್ನು ಗುರುತಿಸಿಕೊಳ್ಳಿ. ಇಟಲಿಯ ಮೊಂಜಾದಲ್ಲಿ 2008ರಲ್ಲಿ, 21ರ ಹರೆಯದ ವೆಟೆಲ್ ಮಳೆಯಲ್ಲಿ ಇಟಲಿಯದೇ ತಂಡವಾದ ಟೋರೊ ರೊಸ್ಸೊಗೆ ಗೆಲುವು ತಂದಾಗ ಜನ ಸಂಭ್ರಮಿಸಿದರು. 2013ರಲ್ಲಿ ರೆಡ್ ಬುಲ್ ತಂಡದ ಕಾರಿನಲ್ಲಿ ಇಟಲಿಯ ಫೆರಾರಿ ತಂಡವನ್ನು ಸೋಲಿಸಿದಾಗ ಹೀಗಳೆದರು. 2015ರಲ್ಲಿ ಫೆರಾರಿಯ ಚಾಲಕನಾಗಿ ಎರಡನೆಯವನಾಗಿ ಬಂದಾಗ ತಲೆಯ ಮೇಲೆ ಹೊತ್ತುಕೊಂಡರು. ಇಂಥ ಊರಭಿಮಾನದ ಪಾಲನ್ನು ಲೆಕ್ಕದಿಂದ ಕಳೆಯದೆ ಮುಂದೆ ಹೋಗಬಾರದು.

ಬಳಿಕ, ಸತತ ಗೆಲುವೇ ಬೇಸರಕ್ಕೆ ಕಾರಣವೇ ಎಂದು ಪರೀಕ್ಷಿಸಲು ಅಷ್ಟೇ ಗೆದ್ದ ಇನ್ನೊಬ್ಬನನ್ನು ಪಕ್ಕದಲ್ಲಿಟ್ಟು ನೋಡಿ. ಸ್ಕಾಟ್ಲೆಂಡಿನ ಜಿಮ್ ಕ್ಲಾರ್ಕ್ 1963ರಲ್ಲಿ 10 ರೇಸ್‌ಗಳಲ್ಲಿ 7ನ್ನು ಗೆದ್ದರು, ಅವರ ಲೋಟಸ್ ಕಾರೂ ಬಹಳ ವೇಗದ್ದೇ ಆಗಿತ್ತು, ಆದರೂ ಎದುರಾಳಿಗಳೂ ಪ್ರೇಕ್ಷಕರೂ ಅವರನ್ನು ಮನಸಾರೆ ಮೆಚ್ಚಿದರು. ಹಾಗಾಗಿ ಕಾರಿನ ಬಲವೊಂದರಿಂದಲೇ ಪ್ರೀತಿ ತಪ್ಪಿತು ಎನ್ನುವಂತಿಲ್ಲ.

ಮುಂದಿನ ಹೆಜ್ಜೆಯೇ ಮುಖ್ಯವಾದದ್ದು, ಇದಕ್ಕೆ ಹೆಚ್ಚು ಸಮಯ ಕೊಡಿ: ಗೆದ್ದವನನ್ನು ಬಿಟ್ಟು, ಅವನಿಂದ ಸೋತವನನ್ನು ನೋಡಿ. 2013ರ ಮಾರ್ಚ್ 24ರಂದು ಮಲೇಷ್ಯಾದ ಸೆಪಾಂಗ್‌ನಲ್ಲಿ ವೆಟೆಲ್ ಅವರದೇ ತಂಡದ ಇನ್ನೊಬ್ಬ ಚಾಲಕ ಮಾರ್ಕ್ ವೆಬರ್ ಮುಂದಿದ್ದರು. ಟೈರ್ ಬದಲಿಸಲು ನಿಲ್ಲುವ ಕೊನೆಯ ಪಿಟ್ ಸ್ಟಾಪ್ ಮುಗಿದ ಮೇಲೆ ತಂಡದಿಂದ ‘ಮಲ್ಟಿ 21’ ಎಂಬ ಸಂಕೇತ ಬಂತು. 2ನೇ ಸಂಖ್ಯೆಯ ವೆಬರ್ ಮುಂದೆ, 1ನೇ ಸಂಖ್ಯೆಯ ವೆಟೆಲ್ ಹಿಂದೆ, ಇದೇ ಕ್ರಮದಲ್ಲಿ ರೇಸ್ ಮುಗಿಸಿ ಎಂಬುದು ಅದರ ಅರ್ಥ. ಅದನ್ನು ನಂಬಿ ವೆಬರ್ ಎಂಜಿನ್ನಿನ ಶಕ್ತಿ ತಗ್ಗಿಸಿಕೊಂಡಿದ್ದಾಗ ಹಿಂದಿದ್ದ ವೆಟೆಲ್, ವೆಬರ್ ಅವರನ್ನು ದಾಟಿ ಗೆದ್ದರು. ವೆಬರ್ ಕೂಡ 2011ರಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ರೇಸ್‌ನಲ್ಲಿ ತಂಡದ ಮಾತು ಮೀರಿ ವೆಟೆಲ್ ಮೇಲೆ ಒತ್ತಡ ಹಾಕಿದ್ದರು ಎಂಬುದು ನಿಜ, ಆದರೆ ಅಲ್ಲಿ ಅವರು ದಾಟಲಿಲ್ಲ, ಆದ್ದರಿಂದ ಜನರ ನೆನಪಿನಲ್ಲಿ ಅದು ಉಳಿಯಲಿಲ್ಲ.

ಇದರ ಜೊತೆಗೆ 2002ರ ಆಸ್ಟ್ರಿಯಾ ರೇಸನ್ನು ಇಟ್ಟು ನೋಡಿ. ಅಲ್ಲಿ ಪೋಲ್ (ಎಲ್ಲರಿಗಿಂತ ಮುಂದೆ ನಿಂತು ಹೊರಡುವ ಸ್ಥಾನ) ಪಡೆದು ಮುನ್ನಡೆಯಲ್ಲಿದ್ದ ರೂಬೆನ್ಸ್ ಬ್ಯಾರಿಕೆಲೊ, ಫೆರಾರಿಯ ಆದೇಶದಂತೆ ಮುಕ್ತಾಯದ ಗೆರೆಯ ಹತ್ತಿರ ಬಂದು ಮೈಕೆಲ್ ಶೂಮಾಕರ್‌ಗೆ ದಾರಿ ಬಿಟ್ಟರು; ಶೂಮಾಕರ್ ತಾವೇ ಬ್ಯಾರಿಕೆಲೊ ಅವರನ್ನು ಪೋಡಿಯಂನ ಮೇಲಿನ ಮೆಟ್ಟಿಲಿಗೆ ನಿಲ್ಲಿಸಿದರೂ ಜನರ ಸಿಟ್ಟು ಇಳಿಯಲಿಲ್ಲ. ವೆಟೆಲ್ ಆದೇಶ ಮುರಿದರು, ಶೂಮಾಕರ್‌ಗೆ ಆದೇಶದಿಂದಲೇ ಲಾಭವಾಯಿತು, ಇಬ್ಬರಿಗೂ ಸಿಕ್ಕಿದ್ದು ಒಂದೇ ಬಗೆಯ ಕೂಗು. ನನ್ನ ದೃಢವಾದ ಅಭಿಪ್ರಾಯವೆಂದರೆ, ಪ್ರೇಕ್ಷಕರು ನಿಯಮವನ್ನು ತೂಗಿ ನೋಡುವುದಿಲ್ಲ. ಆ ದಿನ ದುಡಿದು ಗಳಿಸಿದವನ ಕೈಯಿಂದ ಗೆಲುವು ಜಾರಿತೇ ಎಂಬುದನ್ನಷ್ಟೇ ನೋಡುತ್ತಾರೆ.

ಆಮೇಲೆ ಚಾಲಕ ಏನು ಹೇಳಿದ ಎಂಬುದನ್ನು ದಿನಾಂಕದ ಕ್ರಮದಲ್ಲಿ ಓದಿ. ಸೆಪಾಂಗ್‌ನಲ್ಲಿ ಕ್ಷಮೆ ಕೇಳಿದ ವೆಟೆಲ್, ಮೂರು ವಾರದೊಳಗೆ ಚೀನಾದಲ್ಲಿ, ಅಂಥದ್ದೇ ಸಂದರ್ಭ ಬಂದರೆ ಬಹುಶಃ ಮತ್ತೆ ಹಾಗೆಯೇ ಮಾಡುತ್ತೇನೆ, ವೆಬರ್ ಆ ಗೆಲುವಿಗೆ ಅರ್ಹರಾಗಿರಲಿಲ್ಲ ಎಂಬರ್ಥದ ಮಾತಾಡಿದರು. ಆ ಪ್ರಾಮಾಣಿಕತೆ ಅವರಿಗೆ ದುಬಾರಿಯಾಯಿತು. ಜೂನ್ 30ರಂದು ಸಿಲ್ವರ್‌ಸ್ಟೋನ್‌ನಲ್ಲಿ ಮುನ್ನಡೆಯಲ್ಲಿದ್ದ ಅವರ ಗೇರ್‌ಬಾಕ್ಸ್ ಕೆಟ್ಟು ಕಾರು ನಿಂತಾಗ ಗ್ಯಾಲರಿಗಳು ಹರ್ಷೋದ್ಗಾರ ಮಾಡಿದವು.

ಕೊನೆಯದಾಗಿ, ಜನರ ಮನಸ್ಸು ಬದಲಾಗುವುದರಿಂದ, ಯಾವ ತೀರ್ಮಾನಕ್ಕೂ ಅದರ ವರ್ಷವನ್ನು ನಮೂದಿಸಿ. 2013ರ ಅಕ್ಟೋಬರ್ 27ರಂದು ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್‌ನಲ್ಲಿ ನಾಲ್ಕನೇ ಪ್ರಶಸ್ತಿ ಖಚಿತವಾದ ಕೂಡಲೇ ವೆಟೆಲ್ ಗ್ಯಾಲರಿಯ ಎದುರು ಕಾರನ್ನು ಗಿರಗಿರನೆ ತಿರುಗಿಸಿ, ಇಳಿದು, ಅದರ ಮುಂದೆ ಮಂಡಿಯೂರಿ ತಲೆಬಾಗಿದಾಗ ನಮ್ಮ ಪ್ರೇಕ್ಷಕರು ಹೃದಯ ತುಂಬಿ ಕೂಗಿದರು. ಆ ವರ್ಷದ ಹೀಗಳಿಕೆ ತಮಗೆ ನೋವು ತಂದಿತ್ತೆಂದು ಅವರು ಅಂದೇ ಬಾಯಿಬಿಟ್ಟು ಹೇಳಿದರು. 2014ರಲ್ಲಿ ಅವರು ಒಂದೂ ರೇಸ್ ಗೆಲ್ಲಲಿಲ್ಲ, 2018ರಲ್ಲಿ ಹಾಕನ್‌ಹೈಮ್‌ನಲ್ಲಿ ತವರಿನವರ ಕಣ್ಣೆದುರೇ ಮುನ್ನಡೆಯಲ್ಲಿದ್ದು ಜಾರಿ ತಡೆಗೋಡೆಗೆ ಬಡಿದರು. 2021ರಲ್ಲಿ, ಹಿಂದೆ ತಮ್ಮ ಸೋಲಿಗೆ ಕುಣಿದಿದ್ದ ಸಿಲ್ವರ್‌ಸ್ಟೋನ್‌ನಲ್ಲೇ, ರೇಸ್ ಮುಗಿದ ಮೇಲೆ ಗ್ಯಾಲರಿಯ ಕಸ ಹೆಕ್ಕಿದರು. 2022ರಲ್ಲಿ ಅವರು ನಿವೃತ್ತರಾಗುವ ಹೊತ್ತಿಗೆ ಅವರನ್ನು ಹೀಗಳೆಯುವವರು ಹೆಚ್ಚೇನೂ ಉಳಿದಿರಲಿಲ್ಲ.