ಬಸುರಿಯ ಹಲ್ಲುನೋವು, ಅತ್ತೆಯ ಒಪ್ಪಿಗೆ

ಗದಗ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದಕ್ಕೆ ಹಲ್ಲಿನ ಡಾಕ್ಟರಾಗಿ ಸೇರಿದ ಹೊಸತರಲ್ಲಿ, ಬಸುರಿಯರು ಸೂಜಿಗೆ ಹೆದರುತ್ತಾರೆ ಅಂದುಕೊಂಡಿದ್ದೆ. ಒಂದು ದಿನ ಆರು ತಿಂಗಳ ಬಸುರಿಯೊಬ್ಬಳು ಕೆನ್ನೆ ಊದಿಸಿಕೊಂಡು ಬಂದಳು. ಎರಡು ತಿಂಗಳಿಂದ ಕೆಳದವಡೆಯ ಹಲ್ಲಿಗೆ ಲವಂಗ ಒತ್ತಿಕೊಂಡೇ ದಿನ ತಳ್ಳಿದ್ದಳು. ‘ಚುಚ್ಚಿದ್ರ ತಡಕೋತೀನ್ರಿ ಮೇಡಂ. ನಾಳೆ ಕೂಸಿಗೆ ಏನರ ಆದ್ರ ಎಲ್ಲಾರೂ ನನಗ ಅಂತಾರ’ ಅಂದಳು. ಪಕ್ಕದಲ್ಲಿ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು.

ಮೊದಲು ತೋರಿಸಿದ ಕಡೆ ‘ಹೆರಿಗೆ ಆದಮೇಲೆ ಬಾ’ ಅಂದು ಕಳಿಸಿದ್ದರಂತೆ. ಈ ಮಾತು ಕೇಳಿದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಹೆರಿಗೆಯಾದ ಮೇಲೆ ನಮ್ಮ ಕಡೆ ಬಾಣಂತಿ ಕಿವಿಗೆ ಹತ್ತಿ ಇಟ್ಟುಕೊಂಡು, ತಲೆ ಕಟ್ಟಿಕೊಂಡು ತಿಂಗಳುಗಟ್ಟಲೆ ಹೊಸ್ತಿಲು ದಾಟುವುದಿಲ್ಲ. ಕೀವು ಅಲ್ಲಿವರೆಗೆ ಕಾಯುತ್ತದೆಯೇ? ಡಾಕ್ಟರೇ ಹೆದರಿದರೆ ಮನೆಯವರು ಏನು ಮಾಡಿಯಾರು?

ನಾನು ಮೊದಲು ಕೂರಿಸಿ ಮಾತಾಡಿಸಿದ್ದು ಅತ್ತೆಯನ್ನು. ‘ಹಲ್ಲು ಕಿತ್ತರ ಕಣ್ಣು ಮಂಜಾಗ್ತಾವಲ್ರಿ? ಹಡದವರಿಗೆ ಹಲ್ಲು ಹೋಗೋದು ಇದ್ದದ್ದ’ ಅಂದರು. ಹಲ್ಲಿನ ನರ ಬೇರೆ, ದೃಷ್ಟಿಯ ನರ ಬೇರೆ. ಕೂಸು ತಾಯಿಯ ಹಲ್ಲಿನಿಂದ ಸುಣ್ಣದ ಅಂಶ (ಕ್ಯಾಲ್ಸಿಯಂ) ಎಳೆದುಕೊಳ್ಳುವುದಿಲ್ಲ ಅಂತ ಹೇಳಿದೆ. ಬಸುರಿನಲ್ಲಿ ಹಾರ್ಮೋನಿನಿಂದ ಒಸಡು ಊದಿ ರಕ್ತ ಬರುತ್ತದೆ, ವಾಂತಿಯ ಹುಳಿ ಹಲ್ಲನ್ನು ಸವೆಸುತ್ತದೆ. ವಾಂತಿಯಾದ ಕೂಡಲೇ ಉಜ್ಜದೆ, ಒಂದು ಲೋಟ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಮುಕ್ಕಳಿಸಿದರೆ ಸಾಕು. ‘ಯವ್ವಾ, ಕೀವು ಒಳಗ ಬಿಟ್ಟರ ಕೂಸಿಗೆ ಛಲೋ ಏನ್ರಿ?’ ಅಂದಾಗ ಅವರು ಸೊಸೆಯ ಮುಖ ನೋಡಿದರು. ‘ಆತು ತೆಗೀರಿ’ ಅಂದರು.

ತಾಯಿ ಕಾರ್ಡ್‌ನಲ್ಲಿ ಬಿಪಿ, ಹಿಮೋಗ್ಲೋಬಿನ್ ನೋಡಿ, ಹೆರಿಗೆ ಡಾಕ್ಟರನ್ನೂ ಕೇಳಿದೆ. ನಾಲ್ಕರಿಂದ ಆರು ತಿಂಗಳು ಹಲ್ಲಿನ ಕೆಲಸಕ್ಕೆ ಅನುಕೂಲದ ಕಾಲ. ಮರಗಟ್ಟಿಸುವ ಲಿಗ್ನೋಕೇನ್ ಬಸುರಿಗೂ ಕೊಡಬಹುದು. ಅಂಗಾತ ಮಲಗಿಸಿದರೆ ಗರ್ಭದ ಭಾರಕ್ಕೆ ದೊಡ್ಡ ರಕ್ತನಾಳ ಒತ್ತಿ ತಲೆ ಸುತ್ತುತ್ತದೆ. ಅದಕ್ಕೆ ಬಲ ಸೊಂಟದ ಕೆಳಗೆ ಚಾದರ ಮಡಚಿಟ್ಟು ಎಡಕ್ಕೆ ವಾಲಿಸಿದೆ. ಹಲ್ಲು ಕಿತ್ತು ಬರುವವರೆಗೂ ಅತ್ತೆ ಅವಳ ಕೈ ಹಿಡಿದಿದ್ದರು. ನೋವಿಗೆ ಪ್ಯಾರಾಸಿಟಮಾಲ್ ಕೊಟ್ಟೆ, ಐಬುಪ್ರೊಫೇನ್ ಬೇಡವೇ ಬೇಡ ಅಂದೆ.

ಈಗ ಪ್ರತಿ ತಿಂಗಳ 9ರಂದು ಗರ್ಭಿಣಿಯರ ತಪಾಸಣೆ ನಡೆಯುವ ಕಡೆಗೇ ಟಾರ್ಚ್ ಹಿಡಿದು ಹೋಗುತ್ತೇನೆ. ಬಾಯಿ ನೋಡುವ ಮೊದಲು ಕೇಳುವುದೊಂದೇ: ‘ಮನ್ಯಾಗ ಯಾರನ್ನ ಕೇಳಬೇಕವ್ವ? ಅವರನ್ನೂ ಒಳಗ ಕರಿ.’